ಕುರ್ತಕೋಟಿ ಕ್ಯಾಸೆಟ್ಟಿನ ಹುಂಜ

ಹುಂಜ ಕೂಗಿದ್ದು ಕೇಳಿದೊಡನೆ ಪುಂಡಲೀಕಪ್ಪನಿಗೆ ಮೋಸ ಗೊತ್ತಾಯಿತು.

ಮುಂಡರಗಿಯ ಆ ಸಮುದಾಯ ಭವನದಲ್ಲಿ ಹುಂಜ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಕಿಟಕಿಗಳೆಲ್ಲ ಮುಚ್ಚಿದ್ದವು, ವೇದಿಕೆಯ ಮೇಲೆ ನಾಲ್ಕು ಜನ ಮುದುಕರು ರಿವಾಯತ ಪದ ಹಾಡುತ್ತಿದ್ದರು. ಆದರೆ ಆ ಕೂಗನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲವನಾಗಿದ್ದ. ಮೂವತ್ತು ವರ್ಷಗಳ ಹಿಂದೆ ಇದೇ ನಾಲ್ವರು ಈ ಮೊಹರಂ ಪದಗಳನ್ನು ಕುರ್ತಕೋಟಿಯಲ್ಲಿ, ಮೇಳದ ಮುಖ್ಯ ಹಾಡುಗಾರ ಮಕ್ತುಮಸಾಬನ ಹಿತ್ತಲಲ್ಲಿ ಕೂತು ಕ್ಯಾಸೆಟ್ಟು ಮಾಡಿದ್ದರು. ಕರ್ಬಲಾದ ತಾಯಿಯೊಬ್ಬಳು ನೀರಡಿಸಿದ ಕೂಸಿಗೆ, ಕೋಳಿ ಕೂಗಲಿ, ಬೆಳಗಾದರೆ ನೀರು ತರುತ್ತಾರೆ ಎಂದು ಸಮಾಧಾನ ಹೇಳುವ ಈ ಪದವೂ ಅದರಲ್ಲಿತ್ತು. ಎರಡನೆಯ ನುಡಿಯಲ್ಲಿ ಒಮ್ಮೆ, ಕೊನೆಯ ನುಡಿಯಲ್ಲಿ ಇನ್ನೊಮ್ಮೆ ಹಿತ್ತಲ ಹುಂಜ ಸರಿಯಾಗಿ ಕೂಗಿಬಿಟ್ಟಿತ್ತು. ಆ ಹುಂಜಕ್ಕೂ ಕರುಳಿತ್ತು ಎಂದು ಊರೂರಿನ ಜನ ಹೇಳುತ್ತಿದ್ದರು. ಪುಂಡಲೀಕಪ್ಪನೇ ತನ್ನ ಅಂಗಡಿಗೆ ಬಂದ ಎಷ್ಟೋ ಗಿರಾಕಿಗಳಿಗೆ ಹೇಳಿದ್ದ.

ಅದೇ ಹುಂಜ ಇವತ್ತೂ ಕೂಗಿತೆಂದರೆ, ಓಡುತ್ತಿರುವುದು ಕ್ಯಾಸೆಟ್ಟೇ. ಮುದುಕರು ಬರೀ ಬಾಯಿ ಆಡಿಸುತ್ತಿದ್ದಾರೆ.

ಪುಂಡಲೀಕಪ್ಪ ಬಟ್ಟೆ ಹೊಲಿಯುವವನು. ಟೇಪು ಸವೆದು ಹರಿಯುವವರೆಗೂ ಅಂಗಡಿಯಲ್ಲಿ ಈ ನಾಲ್ವರೇ ಹಾಡಿದ್ದರು. ಮಕ್ತುಮಸಾಬ ದನಿ ಎತ್ತಿದನೆಂದರೆ ಮಷಿನಿನ ಮೇಲಿದ್ದ ಕಾಲು ತಾನಾಗಿ ನಿಲ್ಲುತ್ತಿತ್ತು. ಫಕೀರೇಶನ ಕೆಳದನಿ ಬಟ್ಟೆಗೆ ಅಸ್ತರು ಕೊಟ್ಟಂತೆ. ಕಾಣದಿದ್ದರೂ ಪದಕ್ಕೆ ಮೈ ಬರುತ್ತಿದ್ದದ್ದು ಅದರಿಂದ. ಮುಸ್ತಾಕನ ದನಿ ಸಾಲಿನ ತುದಿಯಲ್ಲಿ ಸ್ವಲ್ಪ ಒಡೆಯುತ್ತಿತ್ತು, ಅಲ್ಲೇ ಕಣ್ಣು ತುಂಬುತ್ತಿತ್ತು. ನಾಲ್ಕನೆಯ ಯಮನೂರಸಾಬನ ದನಿ ಯಾವುದು ಎಂಬುದು ಮಾತ್ರ ಎಷ್ಟು ಕಿವಿಗೊಟ್ಟರೂ ಅವನಿಗೆ ತಿಳಿದಿರಲಿಲ್ಲ. ಎದುರಿಗೆ ಕೂತು ಕೇಳುವ ಯೋಗವೂ ಬಂದಿರಲಿಲ್ಲ. ಅವರು ಊರೂರು ತಿರುಗುವ ಮೊಹರಮ್ಮಿನಲ್ಲೇ ಅವನಿಗೆ ಮೈತುಂಬ ಕೆಲಸ.

ಈ ವರ್ಷ ಸನ್ಮಾನಕ್ಕೆ ಆರ್ಕೆಸ್ಟ್ರಾದವರನ್ನು ಕರೆಸೋಣ ಎಂದು ಭವನದ ಸಮಿತಿಯವರು ಕೂತಾಗ ಹಟ ಹಿಡಿದು ಈ ಮೇಳವನ್ನು ಕರೆಸಿದವನು ಅವನೇ. ಅಧ್ಯಕ್ಷೆ ಸುಮಿತ್ರವ್ವನ ಎದುರು ಮಾತು ಕೊಟ್ಟಿದ್ದ: “ಅವರ ಗಂಟಲಾಗ ಸುಳ್ಳಿಲ್ಲರಿ. ಸುಳ್ಳು ಕಂಡ್ರ ನಾ ಶಾಲು ಮುಟ್ಟಂಗಿಲ್ಲ.”

ಈಗ ಆ ನಾಲ್ಕು ಶಾಲುಗಳು ಅವನ ತೊಡೆಯ ಮೇಲಿದ್ದವು. ಪದ ಮುಗಿದೊಡನೆ ಎದ್ದು ಹೊದಿಸಬೇಕು.

ಬೆಳಿಗ್ಗೆಯೇ ಅನುಮಾನ ಬರಬೇಕಿತ್ತು, ಕಣ್ಣಿಗೆ ಮಣ್ಣು ಬಿದ್ದಿತ್ತು. ಮಿಣಮಿಣ ಅನ್ನುವ ಜುಬ್ಬಾ ಹಾಕಿಕೊಂಡು, ಗೋರಂಟಿ ಬಳಿದ ಕೆಂಪು ಗಡ್ಡದಲ್ಲಿ ಮಕ್ತುಮಸಾಬ ಬಂದಿಳಿದಾಗಲೇ ಅವನಿಗೆ ಒಂಥರಾ ಆಗಿತ್ತು. ಕೊರಳಿಗೆ ಮಫ್ಲರ್, ಬಾಯಲ್ಲಿ ಕಟಕಟ ಅನ್ನುವ ಕಟ್ಟಿಸಿದ ಹಲ್ಲು. ಊಟಕ್ಕೆ ಕೂತಾಗ ಮಾತೇ ಇಲ್ಲ, ಎಲ್ಲ ಕೈಸನ್ನೆ. ದನಿ ಹೋದವನ ಲಕ್ಷಣ. ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೆಯೇ ಹಾಡಬೇಕು ಎಂದು ಪುಂಡಲೀಕಪ್ಪ ಕೈಮುಗಿದು ಕೇಳಿಕೊಂಡದ್ದಕ್ಕೆ ಮಾತ್ರ ಪಿಸುದನಿಯಲ್ಲಿ ಉತ್ತರ ಕೊಟ್ಟಿದ್ದ: “ಅದರಾಗ ಇದ್ದದ್ದು ಒಂದೂ ಬಿಡಂಗಿಲ್ರಿ. ನಾಲ್ಕೂ ಮಂದಿ ಇನ್ನೂ ಅದೀವಿ.”

ಬಿಡುವುದೆಲ್ಲಿಂದ? ಹುಂಜವನ್ನೂ ಬಿಟ್ಟಿರಲಿಲ್ಲ. ಪರದೆಯ ಹಿಂದಿದ್ದ ಸೌಂಡ್ ಮಷಿನ್ನಿಗೆ ಫಕೀರೇಶ ತನ್ನ ಮೊಬೈಲಿನ ವಯರು ಸಿಕ್ಕಿಸಿದ್ದನ್ನು ಅವನೇ ಕಣ್ಣಾರೆ ನೋಡಿದ್ದ. ನಾಲ್ಕು ಜನಕ್ಕೆ ಮೈಕು ಮೂರೇ. ಯಮನೂರಸಾಬ ಮೈಕೇ ಬೇಡವೆಂದು ಪರದೆಯ ಹತ್ತಿರ, ಜನರಿಗೆ ಬೆನ್ನು ಹಾಕಿ ನಿಂತಿದ್ದ. ಪಾಪ, ಒಬ್ಬನಿಗಾದರೂ ನಾಚಿಕೆ ಇದೆ ಎಂದುಕೊಂಡ ಪುಂಡಲೀಕಪ್ಪ.

ಸುತ್ತ ನೋಡಿದ. ಹುಂಜ ಕೂಗಿದ್ದಕ್ಕೆ ಯಾರೂ ಬೆಚ್ಚಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಸುಮಿತ್ರವ್ವ ತಲೆದೂಗುತ್ತಿದ್ದಳು. ಅವರನ್ನು ಕಂಡೂ ಅವನಿಗೆ ಹೇಸಿಗೆಯಾಯಿತು. ಎಂಜಲನ್ನು ಪ್ರಸಾದವೆಂದು ಬಡಿಸಿದರೂ ಕೈಯೊಡ್ಡುವ ಜನ. ಅದಕ್ಕಿಂತ ಹೆಚ್ಚಿನ ಹೇಸಿಗೆ, ಮೂವತ್ತು ವರ್ಷ ಇವರನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದ ತನ್ನ ಮೇಲೆ.

ಶಾಲುಗಳನ್ನು ಕುರ್ಚಿಯ ಮೇಲೆ ಒಗೆದು ಎದ್ದ. ಬದಿಯ ಮೆಟ್ಟಿಲು ಹತ್ತಿ ಪರದೆಯ ಹಿಂದೆ ಹೋದ. ಮಷಿನ್ನು ಮಿನುಗುತ್ತಿತ್ತು, ಮೊಬೈಲಿನ ವಯರು ಅಲ್ಲೇ ನೇತಾಡುತ್ತಿತ್ತು. ಆಚೆ ಕೊನೆಯ ನುಡಿ ಶುರುವಾಗಿತ್ತು. ಮೂಲ ವಯರಿನ ಪ್ಲಗ್ಗು ಹಿಡಿದು, ನೋಡಲಿ ಮಂದಿ ಇವರ ಬಣ್ಣ ಎಂದು ಒಂದೇ ಸಲಕ್ಕೆ ಕಿತ್ತ.

ಮೈಕುಗಳು ಸತ್ತವು. ಮಷಿನ್ನಿನ ದೀಪ ಆರಿತು. ಮೊಬೈಲು ಗುಂಯ್ ಎಂದು ಒಮ್ಮೆ ನಡುಗಿತು. ಚಾರ್ಜು ನಿಂತಿದೆ ಎಂದು ಅದರ ಪರದೆಯ ಮೇಲೆ ಮೂಡಿತು.

ಪದ ನಿಲ್ಲಲಿಲ್ಲ.

ಪರದೆಯ ಬದಿಯ ಸಂದಿಯಿಂದ ನೋಡಿದ. ಮಕ್ತುಮಸಾಬ ಕಣ್ಣು ಸಹ ತೆರೆಯಲಿಲ್ಲ. ದನಿ ಸಣ್ಣದಾಗಿತ್ತು, ಹರಿದಿರಲಿಲ್ಲ. ಬೆಳಗಿನಿಂದ ಗಂಟಲು ಕಾಯ್ದಿಟ್ಟುಕೊಂಡದ್ದು ಈ ಸಾಲಿಗಾಗಿ. ಕೆಳಗೆ ಫಕೀರೇಶನ ಅಸ್ತರು ಹಾಗೆಯೇ ಇತ್ತು, ಮುಸ್ತಾಕನ ದನಿ ಒಡೆಯುವಲ್ಲೇ ಒಡೆಯಿತು. ಪದದಲ್ಲಿ ರಾತ್ರಿ ಕಳೆಯಿತು, ತಾಯಿ ಕೂಸಿನ ಮೈ ಮುಟ್ಟಿ ನೋಡಿದಳು. ಪ್ಲಗ್ಗು ಹಿಡಿದ ತನ್ನ ಕೈಯನ್ನು ಕಂಡು ಪುಂಡಲೀಕಪ್ಪನಿಗೆ ಅಸಹ್ಯವಾಯಿತು. ಆದರೂ ಒಂದು ಲೆಕ್ಕ ಬಗೆಹರಿಯಲಿಲ್ಲ. ಇವರು ಖರೇನೇ ಹಾಡುತ್ತಿದ್ದರೆ ಮೊದಲು ಕೂಗಿದ್ದು ಯಾರು?

ಮಾರು ದೂರದಲ್ಲಿ, ಅವನತ್ತಲೇ ಮುಖ ಮಾಡಿ ನಿಂತಿದ್ದ ಯಮನೂರಸಾಬ ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು ಕತ್ತು ಚಾಚಿದ.

ಮೂವತ್ತು ವರ್ಷ ಹುಡುಕಿದರೂ ಸಿಗದಿದ್ದ ಆ ನಾಲ್ಕನೆಯ ದನಿ, ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂಗಿತು: ಕೊಕ್ಕೋ ಕೋ.