ಇನ್ನೂರ ಹದಿನಾಲ್ಕು ಫೋನ್ ನಂಬರು

ಬುಧವಾರ ಬೆಳಗ್ಗೆ ನೋಡಿದರೆ ಇನ್ನೂ ಮೂವತ್ತೊಂದು ಫೋನ್ ನಂಬರು ಮಾಯವಾಗಿದ್ದವು.

ಇಂಜಿನಿಯರ್ ಕಣ್ಣುಜ್ಜಿಕೊಂಡು ಅದೇ ಆಜ್ಞೆಯನ್ನು ಮತ್ತೊಮ್ಮೆ ಟೈಪ್ ಮಾಡಿದಳು. ಉತ್ತರ ಬದಲಾಗಲಿಲ್ಲ. ಸೋಮವಾರ ಸರಿಯಾಗಿದ್ದ ಪಟ್ಟಿ ದಿನದಿನಕ್ಕೆ ಸವೆಯುತ್ತಿತ್ತು.

ಅದು ರೋಗಿಗಳ ಮಂಚ, ಗಾಲಿಕುರ್ಚಿ ಮಾರುವ ಕಂಪನಿ. ಕೆಳಗೆ ಷೋರೂಮು, ಮೇಲೆ ಕಚೇರಿ. ಗಿರಾಕಿಗಳ ವಿವರವೆಲ್ಲ ಸಿಆರ್‌ಎಂ ಎಂಬ ಮಾರಾಟದ ತಂತ್ರಾಂಶದಲ್ಲಿತ್ತು. ಅದಕ್ಕೊಂದು ಎಐ ಏಜೆಂಟನ್ನು ಜೋಡಿಸಿಕೊಡಲು ಅವಳು ಗುತ್ತಿಗೆಯ ಮೇಲೆ ಬಂದು ಹತ್ತು ದಿನವಾಗಿತ್ತು. ಕಪ್ಪು ಪರದೆಯಲ್ಲಿ ಬರೆಯುವ ಸಣ್ಣಪುಟ್ಟ ಆಜ್ಞೆಗಳನ್ನು ಏಜೆಂಟಿನ ಕೈಗೆ ಕೊಟ್ಟುಬಿಟ್ಟರೆ ಸಾಕು, ಅದು ತಾನೇ ದಾಖಲೆ ಹುಡುಕಿ, ಹಳೆಯ ಗಿರಾಕಿಗಳಿಗೆ ತಾನೇ ಫೋನ್ ಮಾಡಿ, ಮಂಚ ಹೇಗಿದೆ, ಹೊಸ ಹಾಸಿಗೆ ಬೇಕೇ ಎಂದು ವಿಚಾರಿಸುತ್ತದೆ. ಶುಕ್ರವಾರ ಮಾಲೀಕರ ಮುಂದೆ ಅದನ್ನು ನಡೆಸಿ ತೋರಿಸಬೇಕಿತ್ತು.

ಮ್ಯಾನೇಜರ್ ದಿನಕ್ಕೆರಡು ಸಲ ಬಂದು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದ. ಅವನ ಪ್ರಕಾರ ಜೋಡಣೆಯೇ ಸರಿಯಿರಲಿಲ್ಲ. ಹೀಗಾದರೆ ಗುತ್ತಿಗೆ ಮುಂದುವರಿಸುವುದು ಕಷ್ಟ ಎಂದೂ ಅಂದಿದ್ದ. ಅವಳು ವಾದಿಸಲಿಲ್ಲ. ವಾದಿಸುವ ತ್ರಾಣ ಬತ್ತಿ ತಿಂಗಳುಗಳೇ ಆಗಿದ್ದವು. ಬೆಳಗ್ಗೆ ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಸಂಜೆ ಹಾಗೇ ಇಳಿದು ಹೋಗುತ್ತಿದ್ದಳು. ಷೋರೂಮಿನ ಕಡೆ ತಲೆ ಹಾಕಿರಲಿಲ್ಲ.

ಯಾರು, ಯಾವಾಗ, ಏನು ತಿದ್ದಿದರೆಂಬುದನ್ನು ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆಗೆಸಿ ನೋಡಿದಳು. ಇನ್ನೂರ ಹದಿನಾಲ್ಕು ತಿದ್ದುಪಡಿ. ಎಲ್ಲವೂ ಬೆಳಗ್ಗೆ ಎಂಟರ ಸುಮಾರಿಗೆ, ಕಚೇರಿ ತೆರೆಯುವ ಮುನ್ನ. ಎಲ್ಲವೂ ಒಬ್ಬರದೇ ಕೆಲಸ.

ಫೈಲಪ್ಪನವರದು.

ಮೂವತ್ತು ವರ್ಷದಿಂದ ದಾಖಲೆ ನೋಡಿಕೊಳ್ಳುತ್ತಿದ್ದ ಗುಮಾಸ್ತರಿಗೆ ಕಚೇರಿ ಇಟ್ಟ ಹೆಸರು ಅದು. ಯಾರ್ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಇಷ್ಟು ವರ್ಷ ಅವರೇ ಕೈಯಾರೆ ತಯಾರಿಸಿ ಹಂಚುತ್ತಿದ್ದರು. ಏಜೆಂಟ್ ಕೆಲಸಕ್ಕೆ ನಿಂತರೆ ತಿಂಗಳ ಕೊನೆಗೆ ಅವರು ಮನೆಗೆ. ಕಾರಣ ಹುಡುಕಲು ಅವಳು ದೂರ ಹೋಗಬೇಕಿರಲಿಲ್ಲ.

ಮೊದಲ ದಿನದಿಂದಲೇ ಅವರ ಮೇಲೆ ಅವಳಿಗೊಂದು ಅನುಮಾನವಿತ್ತು. ಮಗಳ ಪರೀಕ್ಷೆ ಏನಾಯಿತು, ಅತ್ತೆಯ ಮಂಡಿನೋವು ಹೇಗಿದೆ ಎಂದು ಕಚೇರಿಯವರನ್ನೆಲ್ಲ ಮಾತಾಡಿಸುವ ಮನುಷ್ಯ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಷೋರೂಮು ಕಾಣುವ ಗಾಜಿನ ಪಕ್ಕ ಹಾಕಿದ್ದ ಅವಳ ಮೇಜನ್ನು ಎತ್ತಿಸಿ ಒಳಗಿನ ಗೋಡೆಗೆ ಮುಖ ಮಾಡಿ ಹಾಕಿಸಿದ್ದರು. ತನ್ನ ಕಣ್ಣಿಗೆ ಬೀಳಬಾರದ್ದು ಏನೋ ಇದೆ ಎಂದುಕೊಂಡಿದ್ದಳು. ಸೋಮವಾರವಂತೂ ಹತ್ತಿರ ಬಂದು, ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ್ದರು:

"ನಂಬರೇ ಇಲ್ಲದಿದ್ರೆ ಅದಕ್ಕೆ ಫೋನ್ ಮಾಡೋಕಾಗಲ್ಲ ಅಲ್ವಾಮ್ಮ?"

ಆಗುವುದಿಲ್ಲ ಎಂದಿದ್ದಳು. ಅವರ ಮುಖದಲ್ಲಿ ನೆಮ್ಮದಿ ಕಂಡಿತ್ತು.

ಹನ್ನೊಂದು ಗಂಟೆಗೆ ಹೆಸರು ಹೇಳಿದಳು. ಮ್ಯಾನೇಜರ್ ಗುಮಾಸ್ತರನ್ನು ಒಳಗೆ ಕರೆಸಿದ. ಐದು ನಿಮಿಷದಲ್ಲಿ ಮುಗಿಯಿತು. ಅವರು ಹೊರಬಂದು ಕನ್ನಡಕದ ಡಬ್ಬಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡರು. ತಾನು ಯಾಕೆ ಹಾಗೆ ಮಾಡಿದೆ ಎಂದು ಯಾರಿಗೂ ಹೇಳಲಿಲ್ಲ. ಅವಳ ಮೇಜಿನ ಬಳಿ ಮಾತ್ರ ಒಂದು ಗಳಿಗೆ ನಿಂತರು.

"ನಿಮ್ಮ ಕೆಲಸ ನೀವು ಮಾಡಿದ್ರಿ ಅಮ್ಮ. ಮನಸ್ಸಿಗೆ ಹಚ್ಕೋಬೇಡಿ."

ಚುಚ್ಚುಮಾತು ಎಂದುಕೊಂಡು ಅವಳು ತಲೆ ಎತ್ತಲಿಲ್ಲ.

ಊಟವಾದ ಮೇಲೆ, ಅಳಿಸಿಹೋದ ನಂಬರುಗಳನ್ನು ಹುಡುಕಿ ವಾಪಸು ತರುವಂತೆ ಏಜೆಂಟಿಗೆ ಬರೆದಳು. ಕಪ್ಪು ಪರದೆಯಲ್ಲಿ ಸಾಲುಗಳು ಸರಸರನೆ ಓಡಿ ನಿಂತವು. ನಂಬರುಗಳು ಎಲ್ಲಿಯೂ ಹೋಗಿಲ್ಲ, ಪ್ರತಿ ದಾಖಲೆಯ ಷರಾದಲ್ಲಿ ಕಾರಣದ ಸಮೇತ ಬರೆದಿಟ್ಟಿದ್ದಾರೆ ಎಂದಿತು ಏಜೆಂಟ್. ಇನ್ನೂರ ಹದಿನಾಲ್ಕು ಕಡೆಯೂ ಕಾರಣ ಒಂದೇ. ಮರಳಿಸಲೇ?

ಷರಾಗಳನ್ನು ಯಾರೂ ಓದುವುದಿಲ್ಲವೆಂದು ಅವಳೂ ಅತ್ತ ನೋಡಿರಲಿಲ್ಲ. ಈಗ ತೆರೆದಳು.

'ತಾಯಿ ತೀರಿಕೊಂಡಿದ್ದಾರೆ. ಮಂಚ ಹೇಗಿದೆ ಎಂದು ಮಗಳನ್ನು ಕೇಳಬಾರದು.'

'ಮಗು ಉಳಿಯಲಿಲ್ಲ. ಗಾಲಿಕುರ್ಚಿಗೆ ಬಟ್ಟೆ ಹೊದಿಸಿಟ್ಟಿದ್ದಾರಂತೆ.'

'ಅಜ್ಜ ಹೋದರು. ಅಜ್ಜಿಗೆ ಮರೆವು. ಫೋನ್ ಬಂದರೆ ಅಜ್ಜನೇ ಮಾಡಿದ್ದು ಎಂದುಕೊಳ್ಳುತ್ತಾರೆ.'

ಹಳೆಯದೊಂದರ ಕೆಳಗೆ ಇನ್ನೂ ಎರಡು ಸಾಲಿದ್ದವು. 'ಇಂಥ ಮನೆಗಳಿಗೆ ಕರೆ ನಿಲ್ಲಿಸಿ ಎಂದು ಮ್ಯಾನೇಜರಿಗೆ ಎರಡು ಸಲ ಬರೆದುಕೊಟ್ಟೆ. ಮನೆಯಲ್ಲಿ ಇನ್ನೊಬ್ಬರು ಇರುತ್ತಾರಲ್ಲ ಎಂದರು. ನನ್ನ ಪಟ್ಟಿಯಿಂದ ನಾನೇ ಬಿಡುತ್ತಿದ್ದೇನೆ.'

ಅವಳು ಒಂದೂ ಬಿಡದೆ ಓದಿದಳು. ಏಜೆಂಟಿಗೆ 'ಬೇಡ' ಎಂದು ಬರೆದಳು. ಒಂದೊಂದು ದಾಖಲೆಗೆ ಒಂದೊಂದು ಹಾಳೆಯಂತೆ ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದಿಟ್ಟಳು.

ಅವನು ಹಾಳೆಗಳನ್ನು ಮೊದಲು ಬೇಗಬೇಗ ತಿರುವಿದ. ಆಮೇಲೆ ನಿಧಾನವಾಗಿ.

"ನನಗೊಂದು ಮಾತು ಹೇಳಬಹುದಿತ್ತು."

"ಎರಡು ಸಲ ಹೇಳಿದ್ದಾರೆ ಸರ್."

ಅವನು ಫೈಲಪ್ಪನವರಿಗೆ ಫೋನ್ ಮಾಡಿ ನಾಳೆ ಕೆಲಸಕ್ಕೆ ಬನ್ನಿ ಎಂದ. ಕ್ಷಮೆ ಕೇಳಲಿಲ್ಲ. ಅತ್ತಲಿಂದ ಅವರು ಏನೋ ವಿಚಾರಿಸಿದರು. ಇಲ್ಲ, ಯಾರಿಗೂ ಫೋನ್ ಹೋಗಿಲ್ಲ ಎಂದು ಇಟ್ಟುಬಿಟ್ಟ. ಆಮೇಲೆ ಹಾಳೆಗಳನ್ನು ಮೇಜಿಗೆ ಕುಟ್ಟಿ ಜೋಡಿಸುತ್ತ, ಕೊನೆಯದರ ಮೂಲೆಯಲ್ಲಿದ್ದ ಅಂಕಿ ನೋಡಿದ.

"ಇನ್ನೂರ ಹದಿಮೂರೇ ಇದೆಯಲ್ಲ. ಇನ್ನೊಂದು?"

"ಪ್ರಿಂಟರ್ ನುಂಗ್ತು ಸರ್," ಎಂದು ಅವಳು ಹೊರಬಂದಳು.

ಇನ್ನೊಂದು ಹಾಳೆ ಅವಳ ಚೀಲದಲ್ಲಿತ್ತು: 'ಗಂಡ ಹೋದ ಎಂಟನೇ ದಿನ ನಮ್ಮವರು ಫೋನ್ ಮಾಡಿದ್ದರು, ಆಕೆಯ ತಮ್ಮ ಎತ್ತಿಕೊಂಡು, ಭಾವ ಇಲ್ಲ ಎಂದಷ್ಟೇ ಹೇಳಿ ಇಟ್ಟನಂತೆ. ಆಕೆ ಈಗ ಏಜೆಂಟ್ ಜೋಡಿಸಲು ನಮ್ಮಲ್ಲಿಗೇ ಬಂದಿದ್ದಾರೆ. ತಾವಾಗಿ ಹೇಳುವವರೆಗೂ ಯಾರೂ ಏನೂ ಕೇಳಬಾರದು.'