ಗೆರೆಯ ಕೆಳಗಿನ ಚೀಲ

ಲೆಕ್ಕದ ಮಾತನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಬೀಜಗಣಿತ ಬಲ್ಲವರು ಇದರಲ್ಲಿ ಹೇಳುವಂಥದ್ದೇನಿದೆ ಎಂದು ನಕ್ಕಾರು. ಆದರೆ ಸುಂಟಿಕೊಪ್ಪದ ಸಂಜೆ ತರಗತಿಯಲ್ಲಿ ಆ ದಿನ ವನಜಮ್ಮನ ತಪ್ಪು ಉತ್ತರ ತಿದ್ದಲು ಹೋದ ಮೇಷ್ಟ್ರು ಕೀರ್ತಿಕುಮಾರನಿಗೆ ನಗು ಬರಲಿಲ್ಲ.

12x⁵ ಅನ್ನು 4x² ರಿಂದ ಭಾಗಿಸಬೇಕಿತ್ತು. ಅವನು ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು, ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಬರೆದು ಸೀಮೆಸುಣ್ಣ ಚಾಚಿದ. ವನಜಮ್ಮ ಎದ್ದು ಬಂದು, ಒಂದಿಷ್ಟೂ ತಡವರಿಸದೆ 8x³ ಎಂದು ಬರೆದಳು.

“x ಮೇಲಿನ ಮೂರು ಸರಿ. ಈ ಎಂಟು ಎಲ್ಲಿಂದ ಬಂತು?”

“ಕಳೆದೆ ಸಾರ್. ಚೀಲ ಕಳೀಬೇಕಲ್ವಾ?”

ವನಜಮ್ಮ ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಸಂಜೆ ತೂಕದ ಹೊತ್ತಿಗೆ ಅಲ್ಲಿನ ಲೆಕ್ಕ ಬರೆಯುವ ರೈಟರ್ ಹಲಗೆಯ ಮೇಲೆ ಗೆರೆ ಎಳೆಯುತ್ತಾನೆ. ಗೆರೆಯ ಮೇಲೆ ಹಣ್ಣು ತುಂಬಿದ ಚೀಲದ ತೂಕ, ಕೆಳಗೆ ಬರಿಗೋಣಿಯ ತೂಕ. ಕೆಳಗಿನದನ್ನು ಕಳೆದು ಉಳಿದದ್ದು ಅವಳು ಕೊಯ್ದ ಹಣ್ಣು. ವರ್ಷಗಟ್ಟಲೆ ಆ ಗೆರೆಯನ್ನು ನೋಡಿದ ಕಣ್ಣಿಗೆ ಈ ಗೆರೆಯ ಕೆಳಗೂ ಗೋಣಿಯೇ ಕಂಡಿತ್ತು.

“ನಾಲ್ಕು ಕೆಜಿ ಗೋಣಿ ಯಾವ ಎಸ್ಟೇಟಲ್ಲಿ ಕೊಡ್ತಾರಕ್ಕಾ?” ಹಿಂದಿನ ಬೆಂಚಿನಿಂದ ಪ್ರಿಯಾ ಕೇಳಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳೂ ಇದೇ ಹತ್ತನೇ ತರಗತಿಯ ಗಣಿತ ಪರೀಕ್ಷೆಗೆ ಕಟ್ಟಿದ್ದವಳು.

“ಒದ್ದೆ ಗೋಣಿ ಕಣೇ. ನೀನು ಹೊತ್ತಿದ್ರೆ ಗೊತ್ತಾಗ್ತಿತ್ತು.”

ವನಜಮ್ಮನಿಗೆ ಈ ಗಣಿತ ಒಂದು ದಾಟಿದರೆ ಸಾಕಿತ್ತು. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಪಕ್ಕದ ಅಂಗನವಾಡಿಗೆ ಸಹಾಯಕಿ ಬೇಕಾಗಿತ್ತು, ಹತ್ತನೇ ತರಗತಿ ಪಾಸಾದವರೇ ಆಗಬೇಕಿತ್ತು. ಹಿಂದಿನ ಸಲ ಅವಳು ಫೇಲಾದದ್ದು ತಪ್ಪು ಬರೆದು ಅಲ್ಲ. ಅರ್ಥವಾಗದ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟು ಬಂದಿದ್ದಳು. “ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋಕೆ ನಂಗೆ ಕೈ ಬರಲ್ಲ ಸಾರ್” ಎಂದು ಸೇರಿದ ದಿನವೇ ಹೇಳಿದ್ದಳು.

“ಮುಂದಿರೋ ದೊಡ್ಡ ಸಂಖ್ಯೆ ಭಾಗಿಸಬೇಕು,” ಕೀರ್ತಿಕುಮಾರ್ ಹೇಳಿದ. “ತಲೆ ಮೇಲಿರೋ ಚಿಕ್ಕದು ಘಾತಾಂಕ. ಅದನ್ನ ಮಾತ್ರ ಕಳೀಬೇಕು.”

“ಒಂದೇ ಗೆರೆಗೆ ಎರಡು ನ್ಯಾಯಾನಾ?”

ಹಗಲು ಗೊಬ್ಬರದ ಅಂಗಡಿಯಲ್ಲಿ ಕುಳಿತು, ಸಂಜೆ ಕಾಲೇಜಿನಲ್ಲಿ ಕಲಿತವನು ಅವನು. ಅಲ್ಲಿ ಮೇಷ್ಟ್ರು ಹೇಳಿದ ಸೂತ್ರವನ್ನು ಹಾಗೆಯೇ ನುಂಗಿ ಪಾಸಾಗಿದ್ದ. ಈಗ ಬೆವರುತ್ತ x⁵ ಅನ್ನು ಬಿಡಿಸಿ ಸಾಲಾಗಿ ಐದು x ಬರೆದ, ಕೆಳಗೆ ಎರಡು. ಮೇಲೊಂದು ಕೆಳಗೊಂದು ಜೋಡಿಯಾಗಿ ಗೀಟು ಹಾಕಿ ಹೊಡೆದ. ಮೂರು ಉಳಿಯಿತು. ಸುಣ್ಣ ಹಿಡಿದ ಕೈ ತಾನಾಗಿಯೇ 12ರ ಕಡೆಗೆ ಹೋಯಿತು: ಅದನ್ನೂ ಬಿಡಿಸಿ 4 × 3 ಎಂದು ಬರೆದು, ಕೆಳಗಿನ 4ರ ಜೊತೆ ಮೇಲಿನ 4 ಹೊಡೆದ. ಅಲ್ಲೂ ಮೂರು.

“ಓ! ಎರಡಕ್ಕೂ ಒಂದೇ ನ್ಯಾಯ,” ವನಜಮ್ಮ ಅಂದಳು. “ಕಳೆಯೋದಲ್ಲ, ಜೋಡಿ ಹೊಡೆಯೋದು. ಹೊಡೆದಮೇಲೆ ಎಣಿಸೋದು.”

ಇಷ್ಟು ದಿನ ಪಾಠ ಹೇಳಿಯೂ ತನಗಿದು ಕಂಡಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಆ ಖುಷಿಯಲ್ಲೇ x² ಬರೆದು ಗೆರೆ ಎಳೆದು ಕೆಳಗೂ x² ಬರೆದ. ವನಜಮ್ಮ ಪಟಪಟನೆ ಜೋಡಿ ಹೊಡೆದು ಸೊನ್ನೆ ಹಾಕಿದಳು.

“ಸೊನ್ನೆ ಅಲ್ಲ. ಒಂದು.”

“ಎಲ್ಲಾ ಹೊಡೆದು ಹಾಕಿದ್ಮೇಲೆ ಒಂದು ಎಲ್ಲಿ ಉಳೀತು ಸಾರ್?”

“ಐದು ಚೀಲ ಐದು ಆಳಿಗೆ ಹಂಚಿ. ತಲೆಗೆಷ್ಟು?”

“ಒಂದು ಚೀಲ.”

“ಅದೇ ಒಂದು.”

“ಅದು ಚೀಲ. ಇಲ್ಲಿ ಮೇಲಿದ್ದದ್ದೂ x, ಕೆಳಗಿದ್ದದ್ದೂ x, ಎರಡೂ ಹೋದ್ವು. ಈ ಒಂದು ಏನು? ಚೀಲಾನಾ, ಆಳಾ?”

“ಸಾರ್‌ನ ಬಿಟ್ಬಿಡಕ್ಕಾ, ಪಾಪ,” ಪ್ರಿಯಾ ಅಂದಳು. “ಒಂದು ಅಂದ್ರೆ ಒಂದು. ಬರೆದು ಮಾರ್ಕ್ಸ್ ತಗೋ.”

ಹಾಗೆಯೇ ಹೇಳಿಬಿಡಬಹುದಿತ್ತು. ಕೀರ್ತಿಕುಮಾರ್ ಸೀಮೆಸುಣ್ಣ ಕೆಳಗಿಟ್ಟ. ಒಂದು ಎನ್ನದಿದ್ದರೆ ಬೇರೆ ಲೆಕ್ಕಗಳೆಲ್ಲ ಕೆಡುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ಕೇಳಿದ್ದು ಅದಲ್ಲ.

“ಉತ್ತರ ಒಂದೇ, ವನಜಮ್ಮ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಆ ಒಂದು ಏನು ಅನ್ನೋದು ನಂಗೂ ಗೊತ್ತಿಲ್ಲ.”

ಅವಳು ಅವನ ಮುಖ ನೋಡಿದಳು. ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಹೋದಳು. ಇನ್ನು ಅವಳು ಬರಲಾರಳು ಎಂದು ಅವನು ಹೆದರಿದ. ಮುಂದಿನ ತರಗತಿಗೂ ಅವಳು ಬಂದಳು, ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಪರೀಕ್ಷೆಯ ದಿನ ಅವನು ಅಂಗಡಿಗೆ ರಜೆ ಹಾಕಿ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕಾದ. ಪ್ರಿಯಾ ಪ್ರಶ್ನೆಪತ್ರಿಕೆ ಬೀಸುತ್ತ ಬಂದಳು. “ಸಾರ್, ನಿಮ್ಮ ಒಂದು ಬಂದಿದೆ!” ನಿಜವೇ: 9x⁴ ಅನ್ನು 9x⁴ ರಿಂದ ಭಾಗಿಸಿರಿ. ಹಿಂದೆಯೇ ವನಜಮ್ಮ ಬಂದಳು.

“ಖಾಲಿ ಬಿಟ್ರಾ?”

“ಇಲ್ಲ ಸಾರ್. ಒಂದು ಅಂತ ಬರೆದೆ.”

“ಸದ್ಯ!” ಎಂದ ಅವನು.

“ಪಕ್ಕದಲ್ಲೇ ಇನ್ನೊಂದು ಸಾಲು ಬರೆದೆ. ಆ ಒಂದು ಏನು ಅಂತ ಗೊತ್ತಿಲ್ಲ, ನಮ್ಮ ಸಾರ್‌ಗೂ ಗೊತ್ತಿಲ್ಲ, ತಿಳಿದವರು ಹೇಳಬೇಕು ಅಂತ.”

ಫಲಿತಾಂಶ ಇನ್ನೂ ಬಂದಿಲ್ಲ. ಆ ಸಾಲು ಓದಿದವರು ಅಂಕ ಕೊಟ್ಟರೋ, ಹೊಡೆದು ಹಾಕಿದರೋ, ಪೆನ್ನು ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದರೋ ತಿಳಿಯದು. ಆ ಒಂದು ಏನೆಂದು ಈ ಕಥೆ ಹೇಳಿದವರಿಗೂ ತಿಳಿದಿಲ್ಲ.