ಎಡಕ್ಕೆ ಏನೂ ಇಲ್ಲ

ಕಣ್ಣು ಕಾಣುವ ಹುಡುಗರೂ ಕಾಣದ ಹುಡುಗರೂ ಜೋಡಿ ಜೋಡಿಯಾಗಿ ಬೆಟ್ಟ ಹತ್ತುವ ಒಂದು ಟ್ರೆಕ್...

ತುಮಕೂರಿನ ನಿಶ್ಚಲ್‌ಗೆ ಜೋಡಿಯಾಗಿ ಸಿಕ್ಕವನು ಗದಗಿನ ಮಹಾಂತೇಶ. ಇಬ್ಬರೂ ಪಿಯುಸಿ ಓದುವವರು. ಮಹಾಂತೇಶನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು.

ಮುಂದೆ ನಡೆಯುವ ನಿಶ್ಚಲ್‌ನ ಬ್ಯಾಗ್ ಹಿಡಿದುಕೊಂಡು ಅವನು ಹಿಂದೆ ಬರಬೇಕು. ದಾರಿಯಲ್ಲಿ ಏನಿದೆ ಎಂದು ನಿಶ್ಚಲ್ ಹೇಳುತ್ತಿರಬೇಕು. ಅಷ್ಟೇ ನಿಯಮ.

ಬೆಳಗಿನಿಂದ ಎಲ್ಲ ಸಲೀಸಾಗಿತ್ತು... "ಬಲಕ್ಕೆ ಮುಳ್ಳು", "ಮುಂದೆ ಕಲ್ಲು". ದಾರಿ ಸಾಫಾಗಿದ್ದರೆ "ಏನೂ ಇಲ್ಲ, ಬಾ".

ಮಹಾಂತೇಶ ನಡುನಡುವೆ ಕಾಲೆಳೆಯುತ್ತಿದ್ದ. "ಕಣ್ಣಿದ್ದಾವ ನೀನ ಎಡವಾಕತ್ತಿಯಲ್ಲೋ."

ತುದಿ ಹತ್ತಿರವಾದಂತೆ ದಾರಿ ಕಿರಿದಾಯಿತು. ಬಲಕ್ಕೆ ಬಂಡೆ. ಎಡಕ್ಕೆ... ಪ್ರಪಾತ.

ನಿಶ್ಚಲ್ ಒಮ್ಮೆ ಕೆಳಗೆ ನೋಡಿದ. ಹೆದರಿ ಬಂಡೆಯ ಕಡೆಗೆ ಸರಿದ. ತನಗೇ ಹೀಗಾದರೆ, ಪಾಪ, ಇವನಿಗೆ ಹೇಳಿದರೆ ಕುಸಿದು ಕೂರುತ್ತಾನೆ ಎಂದುಕೊಂಡ. ಒಳ್ಳೆಯ ಮನಸ್ಸಿನವರು ಎಡವಟ್ಟು ಮಾಡುವುದು ಹೀಗೆಯೇ ನೋಡಿ.

"ಗಾಳಿ ಭಾಳ ಬರಾಕತ್ತೈತಿ. ಎಡಕ್ಕ ಏನೈತೋ?" ಎಂದು ಮಹಾಂತೇಶ ಕೇಳಿದ.

"ಏನೂ ಇಲ್ಲ ಕಣೋ. ಬಾ."

ಏನೂ ಇಲ್ಲ ಎಂದರೆ ಕಲ್ಲಿಲ್ಲ, ಮುಳ್ಳಿಲ್ಲ, ನೆಲ ಸಾಫಾಗಿದೆ... ಬೆಳಗಿನಿಂದ ಮಹಾಂತೇಶ ಕಲಿತಿದ್ದು ಅದನ್ನೇ. ಬಂಡೆ ಬಲ ಭುಜಕ್ಕೆ ಉಜ್ಜುತ್ತಿತ್ತು. ಧೈರ್ಯವಾಗಿ ಎಡಕ್ಕೆ ಸರಿದು ಕಾಲಿಟ್ಟ.

ಕಾಲಿಗೆ ನೆಲ ಸಿಗಲಿಲ್ಲ...

ಬ್ಯಾಗ್ ಹಿಂದಕ್ಕೆ ಜಗ್ಗಿತು. ನಿಶ್ಚಲ್ ತಿರುಗಿದವನೇ ಅವನ ಮಣಿಕಟ್ಟು ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಂಡೆಯ ಕಡೆಗೆ ಎಳೆದ. ಉರುಳಿದ ಕಲ್ಲುಗಳು ಕೆಳಗೆಲ್ಲೋ ಬಡಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ಇಬ್ಬರೂ ಬಂಡೆಗೆ ಒರಗಿ ಕುಳಿತರು.

ಮಹಾಂತೇಶ ಅವನ ಕಡೆ ತಿರುಗಿದ. "ಏನೂ ಇಲ್ಲ ಅಂದಿಯಲ್ಲೋ..."

"ನಿನಗೆ ಭಯ ಆಗಬಾರದು ಅಂತ ಹಾಗಂದೆ. ಸಾರಿ ಕಣೋ..." ನಿಶ್ಚಲ್ ಬಿಕ್ಕಿದ.

"ಆ ಕಂದಕ ನೋಡಿದಾಗ ನಿನಗ ಅಂಜಿಕಿ ಆತಿಲ್ಲೋ?"

"ಆಯ್ತು."

"ಅಂಜಿ ಏನ ಮಾಡಿದಿ?"

"ಬಂಡೆ ಕಡೆ ಸರಿದೆ."

"ಅಂದ್ರ ನಿನ್ನ ಉಳಿಸಿದ್ದು ಆ ಅಂಜಿಕಿನ. ಅದನ್ನ ನನಗ ಯಾಕ ಕೊಡಲಿಲ್ಲ?"

ನಿಶ್ಚಲ್ ಕಣ್ಣೊರೆಸಿಕೊಂಡ...

ದಾರಿ ಇನ್ನೂ ಬಾಕಿ ಇತ್ತು. ಇನ್ನು ಇವನು ನನ್ನನ್ನು ನಂಬಿ ಬರುತ್ತಾನೆಯೇ? ನಿಶ್ಚಲ್ ಎದ್ದು, ಬೆನ್ನು ಮಾಡಿ ನಿಂತು ಕಾದ.

ಬ್ಯಾಗ್ ಮೇಲೆ ಕೈ ಬೀಳಲಿಲ್ಲ.

"ಮೊದಲ ಏನೈತಿ ಹೇಳು. ಎಲ್ಲಾ ಹೇಳು."

"ಎಡಕ್ಕೆ ಪ್ರಪಾತ. ತಳ ಕಾಣ್ತಿಲ್ಲ. ದಾರಿ ಒಂದು ಮೊಳ ಅಗಲ ಇದ್ರೆ ಹೆಚ್ಚು." ನಿಶ್ಚಲ್ ಮತ್ತೊಮ್ಮೆ ಕೆಳಗೆ ನೋಡಿದ. "ನನ್ನ ಕಾಲು ನಡುಗ್ತಿದೆ ಕಣೋ."

ಆಗ ಮಹಾಂತೇಶ ಕೈ ಚಾಚಿ ಬ್ಯಾಗ್ ಹಿಡಿದ.

"ನನ್ನ ಕಾಲೂ ನಡಗಾಕತ್ತಾವ. ನಡಿ... ಇಬ್ರೂ ಸಾವಕಾಶ ಹೋಗೂಣು."

ನಿಜ ಹೇಳಿದರೆ ತಡೆದುಕೊಳ್ಳಲಾರರು ಎಂದು ನಾವೇ ತೀರ್ಮಾನಿಸುವುದು ಪ್ರೀತಿಯಲ್ಲ, ಅವರನ್ನು ಕಡಿಮೆ ಎಣಿಸುವುದು.

"ಏನಾಯ್ತು?" ಎಂದು ನಿಮ್ಮವರು ಕೇಳಿದಾಗ, ಇವತ್ತು ನೀವು ಯಾರಿಗೆ "ಏನೂ ಇಲ್ಲ" ಎಂದಿರಿ...?